ಕತ್ತರಿ ಬಿದ್ದ ಸುದ್ದಿಗಳು

ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಮಕ್ಕಳೂ ಎದೆಗೆ ಕೆಂಪು ಪಾಪಿ ಹೂವು ಸಿಕ್ಕಿಸಿಕೊಂಡು ಶಾಲೆಯಿಂದ ಬರುತ್ತಾರೆ. ಅದು ನಮ್ಮ ಗಸಗಸೆಯ ಜಾತಿಯದೇ ಹೂವು. 25ರಂದು ಅನ್ಜಾಕ್ ದಿನ. ಬೆಳಗಿನ ಜಾವದ ಸ್ಮರಣ ಕಾರ್ಯಕ್ರಮಕ್ಕೆ ಹೋಗಿಬರುವ ಕುಟುಂಬಗಳು ನಮ್ಮ ಸಂಘದಲ್ಲಿಯೂ ಇವೆ. ಗಲಿಪೊಲಿಯ ದಡದಲ್ಲಿ ಇಳಿದದ್ದು, ಕಡಿದಾದ ಗುಡ್ಡ, ಕಲ್ಲಿನಂಥ ಬಿಸ್ಕತ್ತು, ಗಾಯಾಳುಗಳನ್ನು ಹೊತ್ತ ಕತ್ತೆ, ಇವೆಲ್ಲ ಮಕ್ಕಳಿಗೆ ಬಾಯಿಪಾಠ. ಆದರೆ ಆ ಸುದ್ದಿ ಆಗ ಈ ದೇಶಕ್ಕೆ ಹೇಗೆ ತಲುಪಿತು, ದಾರಿಯಲ್ಲಿ ಯಾರು ಯಾರು ಅದಕ್ಕೆ ಕತ್ತರಿ ಹಾಕಿದರು ಎಂಬ ಸಂಗತಿ ಶಾಲೆಯ ಪಾಠದಲ್ಲಿ ಅಷ್ಟಾಗಿ ಬರುವುದಿಲ್ಲ. ನಾವು ವೃತ್ತಿಯಿಂದ ವೈದ್ಯರು, ಇತಿಹಾಸಕಾರರಲ್ಲ. ಓದುವ ಚಟ ಮಾತ್ರ ಉಂಟು. ಆ ಚಟದಿಂದ ಕೂಡಿಬಂದ ಕೆಲವು ವಿಷಯಗಳನ್ನು ಓದುಗರ ಮುಂದೆ ಇಡುತ್ತಿದ್ದೇವೆ.

1915ರ ಏಪ್ರಿಲ್ 25ರಂದು ದಂಡು ಇಳಿಯಿತು. ಸುದ್ದಿ ನ್ಯೂಜಿಲೆಂಡಿಗೆ ಬಂದು ಮುಟ್ಟಿದ್ದು ತಿಂಗಳ ಕೊನೆಗೆ. ಏಪ್ರಿಲ್ 30ರಂದು ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ ರಜೆ ಕೊಟ್ಟರು, ಬಾವುಟ ಹಾರಿಸಿದರು, ಸಭೆಗಳಾದವು. ಜನ ಸಂಭ್ರಮಿಸುತ್ತಿದ್ದ ಆ ಹೊತ್ತಿಗೆ ಸತ್ತವರು ಎಷ್ಟು, ಗಾಯಗೊಂಡವರು ಎಲ್ಲಿದ್ದಾರೆ ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆ ಹಡಗುಗಳು ತುಂಬಿಹೋಗಿ, ಸಾಕಷ್ಟು ವೈದ್ಯರೂ ದಾದಿಯರೂ ಇಲ್ಲದ ಮಾಮೂಲು ಸಾಗಣೆ ಹಡಗುಗಳಲ್ಲಿ ಗಾಯಾಳುಗಳನ್ನು ಮಲಗಿಸಿ ಅಲೆಕ್ಸಾಂಡ್ರಿಯಾಕ್ಕೆ ಕಳಿಸುತ್ತಿದ್ದರು. ಅಲ್ಲಿದ್ದ ನ್ಯೂಜಿಲೆಂಡಿನ ವೈದ್ಯ ಪರ್ಸಿವಲ್ ಫೆನ್ವಿಕ್ ದಿನಚರಿ ಬರೆದಿಟ್ಟಿದ್ದರು. ಅದು ಜನರ ಕೈಗೆ ಬಂದದ್ದು ಎಷ್ಟೋ ದಶಕಗಳ ನಂತರ.

ಆ ದಡದಲ್ಲಿ ನ್ಯೂಜಿಲೆಂಡಿನ ಒಬ್ಬ ಪತ್ರಕರ್ತನೂ ಇರಲಿಲ್ಲ. ಆಸ್ಟ್ರೇಲಿಯಾದವರು ಚಾರ್ಲ್ಸ್ ಬೀನ್ ಎಂಬುವರನ್ನು ಸೈನ್ಯದ ಜೊತೆಯಲ್ಲೇ ಕಳಿಸಿದ್ದರು. ನಮ್ಮವರು (ಈ ದೇಶಕ್ಕೆ ಬಂದು ಇಷ್ಟು ವರ್ಷವಾದ ಮೇಲೆ 'ನಮ್ಮವರು' ಎನ್ನಬಹುದಷ್ಟೆ) ಮಾಲ್ಕಮ್ ರಾಸ್ ಎಂಬುವರನ್ನು ಅಧಿಕೃತ ಯುದ್ಧ ವರದಿಗಾರರೆಂದು ನೇಮಿಸಿದರು. ರಾಸ್ ಡನೀಡಿನ್‌ನವರು, ಹೆಸರಾಂತ ಪರ್ವತಾರೋಹಿ, ಪ್ರಧಾನಿ ಮ್ಯಾಸೀ ಅವರ ಸ್ನೇಹಿತರು. ಅವರು ಗಲಿಪೊಲಿ ತಲುಪಿದ್ದು ಜೂನ್ ಕೊನೆಗೆ, ಅಂದರೆ ಎರಡು ತಿಂಗಳು ತಡವಾಗಿ. ಬರೆದದ್ದು ಬಹುಪಾಲು ಅಂಚೆಯಲ್ಲಿ ಬರುತ್ತಿತ್ತು. ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ವಾರಗಟ್ಟಲೆ ಹಳಸಿರುತ್ತಿತ್ತು. ಓದುಗರು, ಸಂಪಾದಕರು, ಎಲ್ಲರೂ ರಾಸ್ ಅವರನ್ನೇ ಬೈದರು. ನಮ್ಮ ಅಭಿಪ್ರಾಯದಲ್ಲಿ ಇದು ಪೂರ್ತಿ ನ್ಯಾಯವಲ್ಲ. ಸೇನಾಪತಿ ಇಯಾನ್ ಹ್ಯಾಮಿಲ್ಟನ್ ಅವರ ಕಚೇರಿಯಲ್ಲಿ ಸೆನ್ಸಾರ್ ಅಧಿಕಾರಿಯೊಬ್ಬರು ಕುಳಿತಿದ್ದರು. ಅವರ ಮುದ್ರೆಯಿಲ್ಲದೆ ಯಾವ ವರದಿಯೂ ಹೊರಗೆ ಹೋಗುವಂತಿರಲಿಲ್ಲ. ಯುದ್ಧ ಹೇಗೆ ನಡೆಯುತ್ತಿದೆ ಎಂದು ಟೀಕೆ ಮಾಡುವಂತಿರಲಿಲ್ಲ. ಹೀಗೆ ಕೈಕಟ್ಟಿ ಕೂರಿಸಿದ ಮೇಲೆ ಬರೆಯಲು ಉಳಿಯುವುದು ಸೈನಿಕರ ಶೌರ್ಯ ಮತ್ತು ಹವಾಮಾನ. ರಾಸ್ ಅವರ ಮಗ ನೋಯೆಲ್ ಕೂಡ ಗಲಿಪೊಲಿಯಲ್ಲಿ ಸೈನಿಕನಾಗಿದ್ದ. ತಂದೆಗೆ ನಿಜ ತಿಳಿಯದೆ ಇದ್ದಿರಲಾರದು.

ಈ ಮುದ್ರೆಯ ಕೋಟೆಯನ್ನು ಒಡೆದವರು ಇಬ್ಬರು. ಲಂಡನ್ನಿನ ವರದಿಗಾರ ಆಶ್ಮೀಡ್-ಬಾರ್ಟ್‌ಲೆಟ್ ಬ್ರಿಟಿಷ್ ಪ್ರಧಾನಿಗೆ ಒಂದು ಕಾಗದ ಬರೆದು, ಇಲ್ಲಿ ಎಲ್ಲವೂ ಕೆಟ್ಟಿದೆ ಎಂದು ತಿಳಿಸಿ, ಅದನ್ನು ಕೀತ್ ಮರ್ಡಾಕ್ ಎಂಬ ಆಸ್ಟ್ರೇಲಿಯಾದ ತರುಣ ಪತ್ರಕರ್ತನ ಕೈಯಲ್ಲಿ ಗುಟ್ಟಾಗಿ ಕೊಟ್ಟು ಕಳಿಸಿದರು. ಸುಳಿವು ಸಿಕ್ಕಿ ಮಾರ್ಸೆಲ್ಸ್ ಬಂದರಿನಲ್ಲಿ ಸೈನ್ಯದವರು ಆ ಕಾಗದವನ್ನು ಕಿತ್ತುಕೊಂಡರು. ಮರ್ಡಾಕ್ ಸುಮ್ಮನಿರಲಿಲ್ಲ. ಲಂಡನ್ನಿಗೆ ಹೋಗಿ ತಾನೇ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಫಿಶರ್ ಅವರಿಗೆ ಬಹಳ ಉದ್ದವಾದ ಪತ್ರ ಬರೆದ. ಅದರಲ್ಲಿ ಉತ್ಪ್ರೇಕ್ಷೆಯೂ ಇತ್ತು, ತಪ್ಪುಗಳೂ ಇದ್ದವು. ಆದರೆ ಅಕ್ಟೋಬರ್‌ನಲ್ಲಿ ಹ್ಯಾಮಿಲ್ಟನ್ ಅವರನ್ನು ವಾಪಸು ಕರೆಸಿಕೊಂಡರು. ಡಿಸೆಂಬರ್‌ನಲ್ಲಿ ಅನ್ಜಾಕ್ ದಂಡನ್ನು ದಡದಿಂದ ತೆರವು ಮಾಡಿದರು. ಈ ಮರ್ಡಾಕ್ ಬೇರೆ ಯಾರೂ ಅಲ್ಲ, ಪತ್ರಿಕಾ ದೊರೆ ಎನಿಸಿದ್ದ ರೂಪರ್ಟ್ ಮರ್ಡಾಕ್ ಅವರ ತಂದೆ. ಮಗನ ಪತ್ರಿಕೆಗಳ ಬಗ್ಗೆ ಓದುಗರಿಗೆ ಏನೇ ಅಭಿಪ್ರಾಯವಿರಲಿ, ಅಪ್ಪನ ಆ ಒಂದು ಕಾಗದದಿಂದ ಕೆಲವು ಪ್ರಾಣಗಳಾದರೂ ಉಳಿದಿರಬೇಕು.

ಉಳಿಯದೆ ಹೋದವರ ಮಾತು ಬೇರೆ. ಆಗಸ್ಟ್ 8ರಂದು ಚುನುಕ್ ಬೇರ್ ಎಂಬ ಬೆಟ್ಟದ ನೆತ್ತಿಯನ್ನು ಹಿಡಿದದ್ದು ಕರ್ನಲ್ ವಿಲಿಯಂ ಮಲೋನ್ ಅವರ ವೆಲಿಂಗ್ಟನ್ ಬೆಟಾಲಿಯನ್. ಬೆಳಿಗ್ಗೆ ಮೇಲೆ ಹೋದವರು 760 ಮಂದಿ. ರಾತ್ರಿ ಕೆಳಗೆ ಬರುವಾಗ ಗಾಯವಿಲ್ಲದೆ ಅಥವಾ ಸಣ್ಣಪುಟ್ಟ ಗಾಯದೊಡನೆ ಉಳಿದವರು ಸುಮಾರು 70. ಮಲೋನ್ ಅಂದೇ ಸತ್ತರು, ಅದೂ ತಮ್ಮ ಕಡೆಯವರ ಫಿರಂಗಿಯ ಗುಂಡಿಗೆ ಎಂದು ಹೇಳಲಾಗಿದೆ. ಹಿಂದಿನ ದಿನ ಹಗಲು ಹೊತ್ತಿನಲ್ಲಿ ನುಗ್ಗಿ ಸಾಯಲು ತನ್ನ ಹುಡುಗರನ್ನು ಕಳಿಸುವುದಿಲ್ಲ ಎಂದು ಮೇಲಧಿಕಾರಿಯ ಎದುರು ನಿಂತಿದ್ದ ಮನುಷ್ಯ ಆತ. ಸೋಲಿನ ನಂತರ ಬಂದ ಅಧಿಕೃತ ವೃತ್ತಾಂತಗಳಲ್ಲಿ, ಕಂದಕ ತೋಡಿದ ಜಾಗ ಸರಿಯಿರಲಿಲ್ಲ ಎಂದು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿದರು. ಸತ್ತವನು ಎದ್ದುಬಂದು ಉತ್ತರ ಹೇಳುತ್ತಾನೆಯೇ? ಈ ದೇಶದ ಜನ ಚುನುಕ್ ಬೇರ್ ಬಗ್ಗೆ ತಿರುಗಿ ಮಾತಾಡತೊಡಗಿದ್ದು 1980ರ ದಶಕದಲ್ಲಿ. 1982ರಲ್ಲಿ ಮಾರಿಸ್ ಶ್ಯಾಡ್‌ಬೋಲ್ಟ್ ಅವರ ನಾಟಕ ಬಂತು, 1984ರಲ್ಲಿ ಕ್ರಿಸ್ಟೋಫರ್ ಪಗ್ಸ್‌ಲಿ ಅವರ ಪುಸ್ತಕ ಬಂತು. ಸಂಸತ್ ಭವನದಲ್ಲಿ ಮಲೋನ್ ಹೆಸರಿನ ಫಲಕ ಏರಿದ್ದು 2005ರಲ್ಲಿ. ಗಲಿಪೊಲಿಯಲ್ಲಿ ಸತ್ತ ನ್ಯೂಜಿಲೆಂಡಿಗರು 2,700ಕ್ಕೂ ಹೆಚ್ಚು. ಪತ್ರಿಕೆಗಳಲ್ಲಿ ಸತ್ತವರ ಹೆಸರುಗಳೇನೋ ಬರುತ್ತಿದ್ದವು, ಅದನ್ನು ಯಾರೂ ಮುಚ್ಚಿಡಲಿಲ್ಲ. ಏಕೆ ಸತ್ತರು ಎಂಬುದು ಮಾತ್ರ ಬರುತ್ತಿರಲಿಲ್ಲ.

ಪತ್ರಿಕೆ ಹೋಗಲಿ, ಮನೆಗೆ ಬರೆಯುವ ಕಾಗದವಾದರೂ ನೇರ ಬರುತ್ತಿತ್ತೇ ಎಂದರೆ ಅದೂ ಇಲ್ಲ. ಸೈನಿಕರ ಪತ್ರಗಳನ್ನು ಅವರವರ ಅಧಿಕಾರಿಗಳೇ ಓದಿ, ಊರಿನ ಹೆಸರು, ಹಡಗಿನ ಹೆಸರು ಇದ್ದರೆ ಅಳಿಸುತ್ತಿದ್ದರು. ಇದಲ್ಲದೆ ಅಚ್ಚು ಹಾಕಿದ ಒಂದು ಕಾರ್ಡು ಇತ್ತು. ಚೆನ್ನಾಗಿದ್ದೇನೆ, ಆಸ್ಪತ್ರೆಯಲ್ಲಿದ್ದೇನೆ, ನಿಮ್ಮ ಪತ್ರ ಬಂತು ಎಂಬಂಥ ಸಾಲುಗಳು ಮೊದಲೇ ಅಚ್ಚಾಗಿರುತ್ತಿದ್ದವು. ಬೇಡದ್ದನ್ನು ಹೊಡೆದುಹಾಕಿ ಸಹಿ ಮಾಡಿ ಕಳಿಸಬೇಕು. ಒಂದು ಪದ ಸೇರಿಸಿದರೂ ಕಾರ್ಡು ಕಸದ ಬುಟ್ಟಿಗೆ. ಅಮ್ಮನಿಗೆ ಮಗನಿಂದ ಬರುವ ಕಾಗದ ನಮ್ಮ ಪೆಥಾಲಜಿ ಲ್ಯಾಬಿನ ಫಾರಂನಂತೆ ಇರುತ್ತಿತ್ತು ಎನ್ನಿ.

ಭಾರತದ ಸೈನಿಕರಿಗೆ ಇನ್ನೂ ಬಿಗಿ. ಫ್ರಾನ್ಸಿಗೆ ಹೋದ ನಮ್ಮ ದೇಶದ ಸಿಪಾಯಿಗಳ ಕಾಗದಗಳನ್ನು ಓದಿ, ಭಾಷಾಂತರ ಮಾಡಿ, ಮೇಲಿನವರಿಗೆ ವರದಿ ಕಳಿಸಲೆಂದೇ ಪ್ರತ್ಯೇಕ ಸೆನ್ಸಾರ್ ಕಚೇರಿ ತೆರೆದಿದ್ದರು. ಸಿಪಾಯಿಗಳು ಕಡಿಮೆಯವರೇ? ಬೇಳೆಕಾಳಿನ ಭಾಷೆ ಕಂಡುಹಿಡಿದರು. ಕರಿಮೆಣಸು ಎಂದರೆ ಹಿಂದೂಸ್ಥಾನದ ಸೈನಿಕರು, ಕೆಂಪು ಮೆಣಸು ಎಂದರೆ ಬಿಳಿಯರು. ಕರಿಮೆಣಸು ತೀರುತ್ತಾ ಬಂತು ಎಂದು ಬರೆದರೆ ಊರಿನವರಿಗೆ ಅರ್ಥವಾಗಬೇಕು. ಸೆನ್ಸಾರಿನವರಿಗೂ ಅರ್ಥವಾಯಿತು ಎಂಬುದು ಬೇರೆ ಮಾತು, ಇಲ್ಲದಿದ್ದರೆ ಈ ವಿಷಯ ಇಂದು ನಮಗೆ ತಿಳಿಯುತ್ತಿರಲಿಲ್ಲ. ಅವರು ಮಾಡಿಟ್ಟ ಭಾಷಾಂತರಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಫ್ರಾನ್ಸಿನಲ್ಲಲ್ಲ, ಸೂಯೆಜ್ ಕಾಲುವೆಯ ಕಡೆ. 1915ರ ಫೆಬ್ರವರಿಯಲ್ಲಿ ತುರ್ಕಿಯವರು ಆ ಕಾಲುವೆಯ ಮೇಲೆ ಬಿದ್ದಾಗ ಭಾರತದವರೂ ನ್ಯೂಜಿಲೆಂಡಿನವರೂ ಒಂದೇ ಸಾಲಿನಲ್ಲಿ ಕಾವಲಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಈಗಲೂ ಇದೆ. ಊರಿಗೆ ಹೋದಾಗ ಮಕ್ಕಳಿಗೆ ತೋರಿಸಬಹುದು.

ಇಷ್ಟೆಲ್ಲ ಮುಚ್ಚಿಡಲು ಸೈನ್ಯ ಕೊಡುತ್ತಿದ್ದ ಕಾರಣಗಳು ಎರಡು. ಒಂದು, ಶತ್ರುವಿಗೆ ತಿಳಿಯಬಾರದು. ಇನ್ನೊಂದು, ಜನ ಧೈರ್ಯಗೆಡಬಾರದು. ಮೊದಲನೆಯದನ್ನು ಒಪ್ಪೋಣ. ಎರಡನೆಯದನ್ನು ಕೇಳಿದಾಗ ನಮಗೆ ಊರಿನ ಆಸ್ಪತ್ರೆಯ ವರಾಂಡ ನೆನಪಾಗುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದ ಕಾಲದಲ್ಲಿ ಕ್ಯಾನ್ಸರ್ ರೋಗಿಯ ಮಗನೋ ಅಳಿಯನೋ ನಮ್ಮನ್ನು ಪಕ್ಕಕ್ಕೆ ಕರೆದು, "ಡಾಕ್ಟ್ರೇ, ಅಪ್ಪನಿಗೆ ಮಾತ್ರ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ" ಎನ್ನುತ್ತಿದ್ದರು. ನಾವೂ ಹೇಳುತ್ತಿರಲಿಲ್ಲ, ಆಗ ಅದೇ ರೂಢಿ. ಹೊರದೇಶಕ್ಕೆ ಬಂದು ರೆಸಿಡೆನ್ಸಿ ಮಾಡುವಾಗ ರೋಗಿಯ ಎದುರು ಕುಳಿತು ಹೇಳುವುದನ್ನು ಕಲಿಯಬೇಕಾಯಿತು. ಎರಡನ್ನೂ ಮಾಡಿದ ಅನುಭವದ ಮೇಲೆ ಹೇಳುವುದಾದರೆ, ಮುಚ್ಚಿಟ್ಟ ರೋಗಿಗಳಲ್ಲಿ ಹೆಚ್ಚಿನವರಿಗೆ ಮನೆಯವರ ಮುಖ ನೋಡಿಯೇ ವಿಷಯ ಗೊತ್ತಾಗಿರುತ್ತಿತ್ತು. ತಮ್ಮ ಭಯವನ್ನು ಆಡಿಕೊಳ್ಳಲು ಮಾತ್ರ ಅವರಿಗೆ ಯಾರೂ ಸಿಗುತ್ತಿರಲಿಲ್ಲ.

ಇರಲಿ. ದೇಶದ ಒಳಗೆ ಏನಾಯಿತು ನೋಡೋಣ. 1916ರಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾನೂನು ಬಂತು. ಯುದ್ಧಕಾಲದ ನಿಯಮಗಳ ಪ್ರಕಾರ ಅದರ ವಿರುದ್ಧ ಮಾತಾಡಿದರೆ ರಾಜದ್ರೋಹ. ಸ್ಕಾಟ್ಲೆಂಡಿನಿಂದ ವಲಸೆ ಬಂದ ಪೀಟರ್ ಫ್ರೇಜರ್ ಎಂಬ ಕಾರ್ಮಿಕ ಮುಖಂಡ ವೆಲಿಂಗ್ಟನ್ನಿನ ಸಭೆಯೊಂದರಲ್ಲಿ ಮಾತಾಡಿ 12 ತಿಂಗಳು ಜೈಲಿಗೆ ಹೋದ. ಈ ಹೆಸರನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1918ರ ಫ್ಲೂ ವಿಷಯಕ್ಕೆ ಬಂದಾಗ ವೈದ್ಯರಾದ ನಾವು ಸ್ವಲ್ಪ ಹೊತ್ತು ನಿಲ್ಲದೆ ಇರಲಾರೆವು. ಆ ಜ್ವರಕ್ಕೆ 'ಸ್ಪ್ಯಾನಿಶ್ ಫ್ಲೂ' ಎಂಬ ಹೆಸರು ಬಂದದ್ದೇ ಸೆನ್ಸಾರ್‌ನ ದೆಸೆಯಿಂದ. ಯುದ್ಧದಲ್ಲಿದ್ದ ದೇಶಗಳು ತಮ್ಮ ದಂಡಿನಲ್ಲಿ ಜ್ವರವಿದೆಯೆಂದು ಪತ್ರಿಕೆಗೆ ಬಿಟ್ಟುಕೊಡಲಿಲ್ಲ. ಸ್ಪೇನ್ ತಟಸ್ಥ ದೇಶ, ಅಲ್ಲಿನ ಪತ್ರಿಕೆಗಳು ಇದ್ದದ್ದನ್ನು ಬರೆದವು. ನಿಜ ಬರೆದವರ ಹೆಸರು ರೋಗಕ್ಕೆ ಅಂಟಿಕೊಂಡಿತು. ಅಕ್ಟೋಬರ್ 12ರಂದು ನಯಾಗರಾ ಎಂಬ ಹಡಗು ಆಕ್ಲೆಂಡಿಗೆ ಬಂತು. ಅದರಲ್ಲಿ ಪ್ರಧಾನಿ ಮ್ಯಾಸೀ, ಜೋಸೆಫ್ ವಾರ್ಡ್ ಇಬ್ಬರೂ ಇದ್ದರು, ಜ್ವರದವರೂ ಇದ್ದರು. ಹಡಗನ್ನು ಪ್ರತ್ಯೇಕ ಇಡಲಿಲ್ಲ. ದೊಡ್ಡವರಿಗೆ ತೊಂದರೆಯಾದೀತೆಂದು ಬಿಟ್ಟುಬಿಟ್ಟರು ಎಂಬ ಮಾತು ಊರೆಲ್ಲ ಹರಡಿತು. ಈ ಹಡಗಿನಿಂದಲೇ ಮಾರಿ ಬಂತೆಂಬುದನ್ನು ಇಂದಿನ ಸಂಶೋಧಕರು ಅನುಮಾನಿಸುತ್ತಾರೆ. ಸೈನಿಕರ ಹಡಗುಗಳೂ ಆ ದಿನಗಳಲ್ಲಿ ಬರುತ್ತಿದ್ದವು. ಆದರೆ ನಾಲ್ಕು ವರ್ಷ ಸರ್ಕಾರದ ಮುದ್ರೆ ಬಿದ್ದ ಸುದ್ದಿಯನ್ನೇ ಓದಿದ ಜನ, ಸರ್ಕಾರ ಏನು ಹೇಳಿದರೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಎರಡೇ ತಿಂಗಳಲ್ಲಿ ಸುಮಾರು 9,000 ಜನ ಸತ್ತರು. ಮಾವೋರಿಗಳ ಸಾವಿನ ಪ್ರಮಾಣ ಬಿಳಿಯರದಕ್ಕಿಂತ ಸುಮಾರು ಎಂಟು ಪಟ್ಟು.

ಇದಕ್ಕಿಂತ ಘೋರವಾದದ್ದು ಸಮೋವಾದಲ್ಲಿ. ಜರ್ಮನರ ಕೈಯಲ್ಲಿದ್ದ ಪಶ್ಚಿಮ ಸಮೋವಾವನ್ನು 1914ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡ್ ಹಿಡಿದು, ಅಲ್ಲಿ ಕರ್ನಲ್ ರಾಬರ್ಟ್ ಲೋಗನ್ ಅವರ ಸೈನಿಕ ಆಡಳಿತ ನಡೆಸುತ್ತಿತ್ತು. 1918ರ ಅಕ್ಟೋಬರ್ ಕೊನೆಗೆ ಆಕ್ಲೆಂಡಿನಲ್ಲಿ ಜನ ಮಲಗುತ್ತಿದ್ದಾಗ ಟಲೂನ್ ಎಂಬ ಹಡಗು ಅಲ್ಲಿಂದ ಹೊರಟಿತು. ನವೆಂಬರ್ 7ರಂದು ಆಪಿಯಾ ಮುಟ್ಟಿತು. ಆಕ್ಲೆಂಡಿನಲ್ಲಿ ಮಾರಿ ಬಿದ್ದಿದೆ ಎಂದು ಒಂದು ತಂತಿ ಸಂದೇಶವೂ ಮುಂಚಿತವಾಗಿ ಹೋಗಿರಲಿಲ್ಲ. ಜ್ವರದವರು ದಡಕ್ಕೆ ಇಳಿದರು. ಸುಮಾರು 8,500 ಜನ ಸತ್ತರು, ಅಂದರೆ ಐದರಲ್ಲಿ ಒಬ್ಬರಿಗಿಂತ ಹೆಚ್ಚು. ಪಕ್ಕದಲ್ಲೇ ಅಮೆರಿಕನ್ ಸಮೋವಾ. ಅಲ್ಲಿನ ರಾಜ್ಯಪಾಲ ಜಾನ್ ಪಾಯರ್ ರೇಡಿಯೋ ವಾರ್ತೆಯಲ್ಲಿ ಜ್ವರದ ಸುದ್ದಿ ಕೇಳಿ, ಬರುವ ಹಡಗುಗಳನ್ನೆಲ್ಲ ತಡೆದರು. ಅಲ್ಲಿ ಒಬ್ಬರೂ ಸಾಯಲಿಲ್ಲ. ಅಮೆರಿಕನ್ನರು ಸಹಾಯ ಮಾಡುತ್ತೇವೆ ಎಂದು ಹೇಳಿಕಳಿಸಿದ್ದನ್ನೂ ಲೋಗನ್ ಉಪಯೋಗಿಸಿಕೊಳ್ಳಲಿಲ್ಲ. ಲಸಿಕೆಯೂ ಆಂಟಿಬಯಾಟಿಕ್ಕೂ ಇಲ್ಲದ ಕಾಲದಲ್ಲಿ ಸುದ್ದಿಯೊಂದೇ ಇದ್ದ ಔಷಧ. ಒಂದು ದ್ವೀಪಕ್ಕೆ ಅದು ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. 2002ರಲ್ಲಿ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಹೋಗಿ ಕ್ಷಮೆ ಕೇಳಿದರು.

ಇನ್ನು ಎರಡನೆಯ ಮಹಾಯುದ್ಧ. 1939ರ ಸೆಪ್ಟೆಂಬರ್‌ನಲ್ಲೇ ಸೆನ್ಸಾರ್ ಮತ್ತು ಪ್ರಚಾರದ ತುರ್ತು ನಿಯಮಗಳು ಬಂದವು. ಪ್ರಚಾರ ನಿರ್ದೇಶಕರಾಗಿ ಜೆ.ಟಿ. ಪಾಲ್ ಎಂಬ ಹಳೆಯ ಪತ್ರಕರ್ತರೇ ಕುಳಿತರು. ಇಂತಿಂಥದ್ದನ್ನು ಅಚ್ಚು ಹಾಕಬಾರದು ಎಂದು ಸಂಪಾದಕರಿಗೆ ಅವರಿಂದ ಚೀಟಿಗಳು ಬರುತ್ತಿದ್ದವು. 1940ರಲ್ಲಿ ಕಮ್ಯುನಿಸ್ಟರ ಪತ್ರಿಕೆಯ ಮುದ್ರಣ ಯಂತ್ರವನ್ನೇ ವಶಪಡಿಸಿಕೊಂಡರು. ಆ ವರ್ಷ ಪ್ರಧಾನಿಯಾದವರು ಯಾರು ಗೊತ್ತೇ? ಹಿಂದಿನ ಯುದ್ಧದಲ್ಲಿ ಮಾತಾಡಿದ ತಪ್ಪಿಗೆ ಜೈಲು ಕಂಡ ಅದೇ ಪೀಟರ್ ಫ್ರೇಜರ್. ಫ್ರೇಜರ್ ದೊಡ್ಡ ಮನುಷ್ಯರು, ಅದರಲ್ಲಿ ಎರಡು ಮಾತಿಲ್ಲ. ಈ ದೇಶದಲ್ಲಿ ನಾವು ಕೆಲಸ ಮಾಡುವ ಸಾರ್ವಜನಿಕ ಆಸ್ಪತ್ರೆ ವ್ಯವಸ್ಥೆಯ ಬುನಾದಿಯಲ್ಲಿ ಆರೋಗ್ಯ ಸಚಿವರಾಗಿ ಅವರ ಕೈಯೂ ಇದೆ. ಆದರೆ ಕುರ್ಚಿಯಿಂದ ನೋಡುವಾಗ ಕಾಣುವ ಲೋಕವೇ ಬೇರೆ ಎಂದು ತೋರುತ್ತದೆ.

ಮುಚ್ಚಿಟ್ಟದ್ದೆಲ್ಲ ಅನ್ಯಾಯವೆಂದು ನಾವು ಹೇಳುತ್ತಿಲ್ಲ. ಫ್ಲೂ ಕಾಲದ ಆ ನಯಾಗರಾ ಹಡಗನ್ನೇ ತೆಗೆದುಕೊಳ್ಳಿ. 1940ರ ಜೂನ್ 19ರಂದು ಫಾಂಗರೇ ಆಚೆಯ ಸಮುದ್ರದಲ್ಲಿ ಜರ್ಮನರು ಹುದುಗಿಸಿಟ್ಟ ಸಿಡಿಮದ್ದಿಗೆ ತಗಲಿ ಅದು ಮುಳುಗಿತು. ಜನರೆಲ್ಲ ಬದುಕಿಕೊಂಡರು. ಹಡಗು ಮುಳುಗಿದ್ದು ಪತ್ರಿಕೆಯಲ್ಲಿ ಬಂತು. ಅದರಲ್ಲಿ ಎಂಟು ಟನ್ ಬಂಗಾರವಿತ್ತು ಎಂಬುದು ಗುಟ್ಟಾಗಿತ್ತು. 438 ಅಡಿ ಆಳದಿಂದ 1941ರಲ್ಲಿ, ಸುತ್ತಲೂ ಸಿಡಿಮದ್ದುಗಳಿರುವಾಗ, 590 ಗಟ್ಟಿಗಳಲ್ಲಿ 555ನ್ನು ಎತ್ತಿದರು. ಸುದ್ದಿ ಹೊರಬಿದ್ದಿದ್ದರೆ ಆ ಮುಳುಗುಗಾರರ ಗತಿ ಏನಾಗುತ್ತಿತ್ತೋ. ಇಂಥ ಗುಟ್ಟಿಗೆ ನಮ್ಮ ತಕರಾರಿಲ್ಲ. 1953ರಲ್ಲಿ ಮತ್ತೆ 30 ಎತ್ತಿದರು. ಉಳಿದ ಐದು ಗಟ್ಟಿ ಇನ್ನೂ ಅಲ್ಲೇ ಇವೆ ಎಂಬುದನ್ನು ಸಂಘದ ಮಹಿಳಾ ಸದಸ್ಯರ ಗಮನಕ್ಕೆ ತರುತ್ತಿದ್ದೇವೆ.

ವೆಲಿಂಗ್ಟನ್ನಿನಿಂದ ಮಾಸ್ಟರ್ಟನ್ ಕಡೆ ಕಾರಿನಲ್ಲಿ ಹೋದವರು ಘಾಟಿ ಇಳಿದ ಕೂಡಲೇ ಫೆದರ್‌ಸ್ಟನ್ ಎಂಬ ಸಣ್ಣ ಊರನ್ನು ನೋಡಿರುತ್ತೀರಿ. ಮೊದಲ ಯುದ್ಧದಲ್ಲಿ ಅದು ಸೈನಿಕರ ದೊಡ್ಡ ತರಬೇತಿ ಶಿಬಿರ. 1918ರ ಫ್ಲೂ ಅಲ್ಲಿ ನೂರೈವತ್ತಕ್ಕೂ ಹೆಚ್ಚು ತರುಣರನ್ನು ತೆಗೆದುಕೊಂಡು ಹೋಯಿತು. 1942ರಲ್ಲಿ ಅದೇ ಜಾಗದಲ್ಲಿ ಜಪಾನಿ ಯುದ್ಧಕೈದಿಗಳ ಶಿಬಿರ ಎದ್ದಿತು. ಅಮೆರಿಕನ್ನರು ಪೆಸಿಫಿಕ್‌ನಲ್ಲಿ ಹಿಡಿದವರನ್ನು ಇಲ್ಲಿಗೆ ಕಳಿಸಿದರು, ಸುಮಾರು 800 ಜನ. ನಮ್ಮ ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ಇಟಲಿಯ ಕೈದಿಗಳಿದ್ದರು. ಜಾಲಹಳ್ಳಿಯ ಕಡೆ ಅವರ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಇಟಲಿಯವರಿಗೆ ಸೆರೆ ಸಿಕ್ಕಿದ್ದು ದೊಡ್ಡ ಅವಮಾನವಲ್ಲ. ಜಪಾನಿಗಳಿಗೆ ಅದು ಸಾವಿಗಿಂತ ಕಡೆ. ಅನೇಕರು ಊರಿಗೆ ಸುದ್ದಿ ಹೋಗಬಾರದೆಂದು ಸುಳ್ಳು ಹೆಸರು ಕೊಟ್ಟಿದ್ದರು.

1943ರ ಫೆಬ್ರವರಿ 25ರಂದು ಬೆಳಿಗ್ಗೆ ಸುಮಾರು 240 ಕೈದಿಗಳು ಕೆಲಸಕ್ಕೆ ಹೋಗುವುದಿಲ್ಲ, ಕಮಾಂಡೆಂಟರ ಜೊತೆ ಮಾತಾಡಬೇಕು ಎಂದು ಅಂಗಳದಲ್ಲಿ ಕುಳಿತರು. ಭಾಷೆ ತಿಳಿಯದು, ರೀತಿ ತಿಳಿಯದು. ವಾದ ಬಹಳ ಹೊತ್ತು ನಡೆಯಿತು. ಅಡ್ಜುಟಂಟ್ ಒಂದು ಎಚ್ಚರಿಕೆಯ ಗುಂಡು ಹಾರಿಸಿ, ಇನ್ನೊಂದರಲ್ಲಿ ಕೈದಿಗಳ ನಾಯಕ ಲೆಫ್ಟಿನೆಂಟ್ ಅದಾಚಿಯನ್ನು ಗಾಯಗೊಳಿಸಿದರು. ಕೈದಿಗಳು ಎದ್ದರು, ಕಲ್ಲುಗಳು ಬಂದವು, ಕಾವಲುಗಾರರ ಬಂದೂಕುಗಳು ಸಿಡಿದವು. ನಡೆದದ್ದು 15-20 ಸೆಕೆಂಡು ಅಷ್ಟೆ. 31 ಜನ ಅಲ್ಲೇ ಸತ್ತರು, 17 ಜನ ಗಾಯಗಳಿಂದ ಆಮೇಲೆ ಸತ್ತರು, ಒಟ್ಟು 48. ಇನ್ನೂ ಹತ್ತಾರು ಮಂದಿ ಗಾಯಗೊಂಡರು. ಪುಟಿದ ಗುಂಡು ತಗಲಿ ಕಾವಲಿನ ಸೈನಿಕನೊಬ್ಬನೂ ಸತ್ತ. ಅಪಘಾತ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಅಂಕಿಗಳನ್ನು ಓದಿದ ಕೂಡಲೇ ಒಂದು ಸಣ್ಣ ಶಿಬಿರದ ಆಸ್ಪತ್ರೆಯ ಆ ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತದೆ.

ಸೈನ್ಯವೇ ವಿಚಾರಣೆ ನಡೆಸಿ, ಹೆಚ್ಚಿನ ತಪ್ಪು ಕೈದಿಗಳದ್ದು ಎಂದಿತು. ವಿವರಗಳನ್ನು ಯುದ್ಧ ಮುಗಿಯುವವರೆಗೆ ಜನರಿಂದ ಮುಚ್ಚಿಟ್ಟರು. ಜಪಾನಿಗಳ ಕೈಯಲ್ಲಿರುವ ನಮ್ಮ ಕೈದಿಗಳ ಮೇಲೆ ಸೇಡು ತೀರಿಸಿಯಾರು ಎಂಬ ಭಯ ಅವರದ್ದು. ಆ ಭಯ ಪೊಳ್ಳಲ್ಲ. ತರಾವಾ ದ್ವೀಪದಲ್ಲಿ 1942ರ ಅಕ್ಟೋಬರ್‌ನಲ್ಲೇ 17 ನ್ಯೂಜಿಲೆಂಡಿಗರನ್ನು ಜಪಾನಿಗಳು ಕೊಂದಿದ್ದರು. ಇಲ್ಲಿಗೆ ಅದಿನ್ನೂ ತಿಳಿದಿರಲಿಲ್ಲ ಅಷ್ಟೆ. ವಿಚಿತ್ರವೆಂದರೆ, ಶತ್ರು ಸರ್ಕಾರಕ್ಕೆ ಫೆದರ್‌ಸ್ಟನ್ ಸಂಗತಿಯನ್ನು ತಟಸ್ಥ ದೇಶದ ಮೂಲಕ ತಿಳಿಸಲೇಬೇಕಾಗಿತ್ತು. ಹೀಗೆ ಟೋಕಿಯೋದ ಅಧಿಕಾರಿಗೆ ಸಿಕ್ಕಿದ ಮಾಹಿತಿ ಈ ದೇಶದ ಸಾಮಾನ್ಯ ಪ್ರಜೆಗೆ ಸಿಗಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಈಗ ಸ್ಮಾರಕವಿದೆ, ಜಪಾನಿನ ಹಳೆಯ ಕವಿ ಬಾಶೋನ ಪದ್ಯ ಕೆತ್ತಿದ ಫಲಕವಿದೆ. ವೈರಾರಪಕ್ಕೆ ಹೋಗುವವರು ಐದು ನಿಮಿಷ ನಿಲ್ಲಿಸಬಹುದು.

ನಮ್ಮ ಮನಸ್ಸನ್ನು ಹೆಚ್ಚು ಕಾಡಿದ್ದು ಇನ್ನೊಂದು ಪ್ರಸಂಗ. 1943ರ ಜುಲೈ 12ರಂದು ನ್ಯೂ ಆಮ್‌ಸ್ಟರ್‌ಡಾಮ್ ಎಂಬ ಹಡಗಿನಲ್ಲಿ ಸುಮಾರು 6,000 ಸೈನಿಕರು ಮಧ್ಯಪ್ರಾಚ್ಯದಿಂದ ಮೂರು ತಿಂಗಳ ರಜೆಯ ಮೇಲೆ ವೆಲಿಂಗ್ಟನ್ನಿಗೆ ಬಂದರು. ಗ್ರೀಸ್, ಕ್ರೀಟ್, ಉತ್ತರ ಆಫ್ರಿಕಾ ನೋಡಿ ಬಂದವರು. ಬ್ಯಾಂಡು, ಮೆರವಣಿಗೆ, ಹೂವು, ಇದಕ್ಕೆಲ್ಲ ಪತ್ರಿಕೆಯಲ್ಲಿ ಜಾಗವಿತ್ತು. ಊರಿಗೆ ಹೋದ ಮೇಲೆ ಅವರು ಕಂಡದ್ದು ಬೇರೆ. ಯುದ್ಧಕ್ಕೆ ಯೋಗ್ಯರಾದ ಸುಮಾರು 35,000 ಗಟ್ಟಿಮುಟ್ಟು ಗಂಡಸರು, ಅಗತ್ಯ ಉದ್ಯೋಗದವರು ಎಂಬ ಹೆಸರಿನಲ್ಲಿ, ಒಂದು ದಿನವೂ ಸಮುದ್ರ ದಾಟದೆ ಒಳ್ಳೆಯ ಸಂಬಳ ಎಣಿಸುತ್ತಿದ್ದರು. ನಾವು ಮೂರು ವರ್ಷ ಸಾಯುವುದನ್ನು ನೋಡಿದ್ದೇವೆ, ಇವರು ಒಮ್ಮೆ ಹೋಗಿಬರಲಿ, ಆಮೇಲೆ ನಾವು ಹೋಗುತ್ತೇವೆ ಎಂದು ಸೈನಿಕರು ಪಟ್ಟು ಹಿಡಿದರು. ಹೇಡಿಗಳೆನ್ನಲು ಸಾಧ್ಯವಿಲ್ಲದ ಜನ, ಹೇಳುತ್ತಿದ್ದುದೂ ನ್ಯಾಯದ ಮಾತೇ.

ಸರ್ಕಾರ ರಜೆ ವಿಸ್ತರಿಸಿತು, ಮದುವೆಯಾದವರಿಗೂ ವಯಸ್ಸಾದವರಿಗೂ ವಿನಾಯಿತಿ ಕೊಟ್ಟಿತು. 1944ರ ಜನವರಿಯಲ್ಲಿ ಉಳಿದವರನ್ನು ಹಡಗು ಹತ್ತಲು ಕರೆದಾಗ ನೂರಾರು ಮಂದಿ ಹತ್ತಲಿಲ್ಲ. ಅವರನ್ನು ಸೈನಿಕ ನ್ಯಾಯಾಲಯಕ್ಕೆ ನಿಲ್ಲಿಸಿ, ಓಡಿಹೋದವರೆಂದು 90 ದಿನಗಳ ಶಿಕ್ಷೆ ವಿಧಿಸಿದರು. ಇಷ್ಟೆಲ್ಲ ಆಗುತ್ತಿದ್ದಾಗ ಪತ್ರಿಕೆಗಳಿಗೆ ಈ ವಿಷಯದ ಬಗ್ಗೆ ಬರೆಯುವುದೇ ನಿಷಿದ್ಧ. ಸೈನಿಕರ ಮನೆಗಳಿಗೆ ಗೊತ್ತು, ಹೋಟೆಲು ಬಾರುಗಳಲ್ಲಿ ಗೊತ್ತು, ರೈಲು ನಿಲ್ದಾಣದಲ್ಲಿ ಗೊತ್ತು. ಪತ್ರಿಕೆಯಲ್ಲಿ ಮಾತ್ರ ಇಲ್ಲ. ಏಪ್ರಿಲ್‌ನಲ್ಲಿ ಅಪೀಲು ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ಸರ್ಕಾರ ಸುಮ್ಮನಾಗದೆ ಅವರನ್ನು ಸೈನ್ಯದಿಂದ ವಜಾ ಮಾಡಿ, ಬರಬೇಕಾದ ಗೌರವಧನವನ್ನೂ ಸವಲತ್ತನ್ನೂ ತಡೆಯಿತು. ಅದನ್ನು ಆಮೇಲೆ ಹಿಂದಿರುಗಿಸಿದರು. ಮೊದಲ ತಂಡದ 6,000 ಮಂದಿಯಲ್ಲಿ ಯುದ್ಧಕ್ಕೆ ಮರಳಿದವರು ಶೇಕಡ 13 ಮಾತ್ರ.

ಇಲ್ಲಿ ಶತ್ರುವಿಗೆ ತಿಳಿಯಬಾರದ ಗುಟ್ಟು ಯಾವುದಿತ್ತು? ಸೈನ್ಯದಲ್ಲಿ ಅಸಮಾಧಾನವಿದೆ ಎಂದು ಹಿಟ್ಲರನಿಗೆ ಗೊತ್ತಾದರೆ ಅವನು ಸ್ವಲ್ಪ ಹಿಗ್ಗಿಯಾನು, ಒಪ್ಪುತ್ತೇವೆ. ಆದರೆ ಮುಚ್ಚಿಟ್ಟ ಪ್ರಶ್ನೆ, ಯಾರ ಮಗ ಹೋಗಬೇಕು, ಯಾರ ಮಗ ಉಳಿಯಬೇಕು ಎಂಬುದು. ಅದು ಹಿಟ್ಲರನ ಪ್ರಶ್ನೆಯಲ್ಲ, ಇಲ್ಲಿ ತೆರಿಗೆ ಕೊಟ್ಟು ಮತ ಹಾಕುವವರದ್ದು. ಬೀದಿಯಲ್ಲಿ ಚರ್ಚೆಯಾಗಿದ್ದರೆ ಸರ್ಕಾರಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ತಾನೇ ಒಮ್ಮೆ ಇದೇ ಪ್ರಶ್ನೆಯನ್ನು ಕೇಳಿ ಜೈಲಿಗೆ ಹೋಗಿದ್ದ ಫ್ರೇಜರ್ ಅವರಿಗೆ ಆ ದಿನಗಳಲ್ಲಿ ರಾತ್ರಿ ನಿದ್ದೆ ಹೇಗೆ ಬಂದಿರಬಹುದು ಎಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು.

ಹಳೆಯ ಕಾಲದ ಮಾತಾಯಿತು ಎನ್ನಬೇಡಿ. 2010ರ ಆಗಸ್ಟ್‌ನಲ್ಲಿ ಅಫ್ಘಾನಿಸ್ತಾನದ ಹಳ್ಳಿಯೊಂದರಲ್ಲಿ ನ್ಯೂಜಿಲೆಂಡಿನ ವಿಶೇಷ ಪಡೆ 'ಆಪರೇಷನ್ ಬರ್ನಮ್' ಎಂಬ ದಾಳಿ ನಡೆಸಿತು. ನಾಗರಿಕರು ಸತ್ತರೆಂಬ ಮಾತಿಗೆ ಆಧಾರವಿಲ್ಲ ಎಂದು ಸೈನ್ಯ ಹೇಳಿತು. 2017ರಲ್ಲಿ ನಿಕಿ ಹೇಗರ್ ಮತ್ತು ಜಾನ್ ಸ್ಟೀಫನ್‌ಸನ್ ಪುಸ್ತಕ ಬರೆದರು. ಅದರಲ್ಲಿ ಹಳ್ಳಿಯ ಜಾಗದ ವಿಷಯದಲ್ಲಿ ತಪ್ಪಿತ್ತು, ಸೈನ್ಯ ಅದನ್ನೇ ಎತ್ತಿ ಹಿಡಿಯಿತು. ಕೊನೆಗೆ ಸರ್ಕಾರ ನೇಮಿಸಿದ ವಿಚಾರಣೆ 2020ರಲ್ಲಿ ವರದಿ ಕೊಟ್ಟಿತು. ಸಂಘಟಿತವಾಗಿ ಮುಚ್ಚಿಹಾಕಿದ್ದು ಕಾಣಲಿಲ್ಲ, ಆದರೆ ಒಂದು ಮಗು ಸತ್ತಿರುವ ಸಂಭವ ಹೆಚ್ಚು, ಮಂತ್ರಿಗಳಿಗೂ ಜನರಿಗೂ ತಪ್ಪು ಮಾಹಿತಿ ಹೋಗಿತ್ತು ಎಂದಿತು. ನಿಜ ಹೊರಬರಲು ಈ ಸಲ ಹತ್ತು ವರ್ಷ ಸಾಕಾಯಿತು. ಮಲೋನ್ ಅವರಿಗೆ ತೊಂಬತ್ತು ಹಿಡಿದಿತ್ತು.

ಭಾರತದ ಕಡೆಗೆ ನೋಡಿದರೆ ನಮಗೆ ತಲೆನೋವು ಇನ್ನೊಂದು ರೀತಿಯದು. 2008ರ ನವೆಂಬರ್‌ನಲ್ಲಿ ಮುಂಬಯಿಯ ದಾಳಿ ನಡೆಯುತ್ತಿದ್ದಾಗ ಟೀವಿಯವರು ಕಮಾಂಡೋಗಳ ಚಲನವಲನವನ್ನು ನೇರ ತೋರಿಸಿದರು. ಗಡಿಯಾಚೆ ಕುಳಿತು ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರು ಅದನ್ನು ನೋಡುತ್ತಿದ್ದರು. ಭಯೋತ್ಪಾದಕರ ಮೇಲಿನ ಕಾರ್ಯಾಚರಣೆಯ ನೇರ ಪ್ರಸಾರ ಈಗ ಅಲ್ಲಿ ನಿಷಿದ್ಧ, ಅಧಿಕಾರಿ ಆಗಾಗ ಕೊಡುವ ವಿವರವನ್ನಷ್ಟೇ ತೋರಿಸಬೇಕು. ಇದು ನಯಾಗರಾದ ಬಂಗಾರದ ಸಾಲಿಗೆ ಸೇರುವ ಗುಟ್ಟು ಎಂದು ನಮಗನಿಸುತ್ತದೆ. ಊರಿನಿಂದ ವಾಟ್ಸಾಪಿನಲ್ಲಿ ಬರುವ ಯುದ್ಧ ಸುದ್ದಿಗೆ ಯಾವ ಸಾಲೆಂದು ಓದುಗರೇ ನಿರ್ಧರಿಸಲಿ.

ಆಸಕ್ತಿಯಿರುವವರಿಗೆ ಒಂದು ಸೂಚನೆ. ಈ ದೇಶದ ರಾಷ್ಟ್ರೀಯ ಗ್ರಂಥಾಲಯದವರು 'ಪೇಪರ್ಸ್ ಪಾಸ್ಟ್' ಎಂಬ ಹೆಸರಿನಲ್ಲಿ ಹಳೆಯ ಪತ್ರಿಕೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಇಟ್ಟಿದ್ದಾರೆ. ಕಾಸು ಕೊಡಬೇಕಾಗಿಲ್ಲ. ನೀವಿರುವ ಊರಿನ ಪತ್ರಿಕೆಯನ್ನು ತೆರೆದು 1915ರ ಆಗಸ್ಟ್ 9ರಿಂದ ಒಂದು ವಾರದ ಸಂಚಿಕೆಗಳನ್ನು, ಆಮೇಲೆ 1944ರ ಜನವರಿ ತಿಂಗಳಿನವನ್ನು ನೋಡಿ. ಶಾಲೆಗೆ ಅನ್ಜಾಕ್ ಪ್ರಾಜೆಕ್ಟ್ ಮಾಡಬೇಕಾದ ಮಕ್ಕಳಿದ್ದರೆ ಅವರ ಕೈಯಲ್ಲೇ ಹುಡುಕಿಸಬಹುದು. ಚುನುಕ್ ಬೇರ್ ಎಂಬ ಹೆಸರು ಮೊದಲ ಸಲ ಯಾವ ದಿನಾಂಕದಲ್ಲಿ ಕಾಣುತ್ತದೆ ಎಂದು ಗುರುತು ಹಾಕಿಕೊಳ್ಳಲು ಹೇಳಿ.